ಅಡುಗೆಮನೆಯ ಅಡಿಹಲಗೆ: ಬಿಗಿಯಾಗಿರಲಿ, ಬಿಚ್ಚುವಂತಿರಲಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಚೆನ್ನೈಯಂಥ ಮಹಾನಗರದಲ್ಲಿ ಈಗ ಮನೆಯನ್ನು ನಾವು ಕಟ್ಟುವುದಿಲ್ಲ, ಕಟ್ಟಿದ್ದನ್ನು ಕೊಳ್ಳುತ್ತೇವೆ. ಆದರೆ ಅಡುಗೆಮನೆಯನ್ನು ಮಾತ್ರ ನಾವೇ ಕೂಡಿಸಿಕೊಳ್ಳುವ ಅವಕಾಶ ಇತ್ತೀಚಿನ ವರ್ಷಗಳಲ್ಲಿ ಒದಗಿದೆ. ಬಿಡಿಭಾಗಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಬರುತ್ತವೆ. ಚಿತ್ರ ನೋಡಿ ಜೋಡಿಸಬೇಕು. ಹೀಗೆ ಜೋಡಿಸಿಕೊಳ್ಳುವ ಪೀಠೋಪಕರಣಕ್ಕೆ ಹೆಸರಾದ ಸ್ವೀಡನ್ನಿನ ಐಕಿಯಾ ಸಂಸ್ಥೆ 2018ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿಯೂ 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿಯೂ ಮಳಿಗೆ ತೆರೆದ ಮೇಲೆ ಈ ಪದ್ಧತಿ ನಮ್ಮ ಬಂಧುಬಳಗದಲ್ಲೂ ಪರಿಚಿತವಾಯಿತು. ಕಪಾಟುಗಳನ್ನು ಜೋಡಿಸಿ, ಬಾಗಿಲು ಹಚ್ಚಿ, ಮೇಲೆ ಗ್ರಾನೈಟ್ ಕೂರಿಸಿದ ಮೇಲೆ ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಆಗ ಮೂಲೆಯಲ್ಲಿ ನಾಲ್ಕೈದು ಉದ್ದನೆಯ ಪಟ್ಟಿಗಳು ಉಳಿದಿರುತ್ತವೆ. ಅವೇ ಕಿಕ್‌ಬೋರ್ಡುಗಳು.

ಈ ಲೇಖನದ ವಿಷಯ ಆ ಪಟ್ಟಿಗಳು. ಇಷ್ಟು ಸಣ್ಣ ವಸ್ತುವಿಗೆ ಒಂದು ಲೇಖನ ಬೇಕೆ ಎಂದು ಓದುಗರು ಕೇಳಬಹುದು. ಕಲಾ ಪದವೀಧರನಾಗಿ, ಬ್ಯಾಂಕಿನ ಮೇಜಿನ ಮುಂದೆ ಮೂವತ್ತು ವರ್ಷ ಕಳೆದ ನಾನೂ ಒಮ್ಮೆ ಹಾಗೆಯೇ ಕೇಳಿದ್ದೆ. ಉತ್ತರ ನನಗೆ 2023ರ ಡಿಸೆಂಬರ್‌ನಲ್ಲಿ ದೊರೆಯಿತು.

ಅಡಿಹಲಗೆ ಎಂದರೇನು?

ಕೆಳಸಾಲಿನ ಕಪಾಟುಗಳು ನೇರವಾಗಿ ನೆಲದ ಮೇಲೆ ಕೂರುವುದಿಲ್ಲ. ಅವು ಸುಮಾರು 100ರಿಂದ 150 ಮಿ.ಮೀ. ಎತ್ತರದ ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಂತಿರುತ್ತವೆ. ಕಪಾಟಿನ ತಳಕ್ಕೂ ನೆಲಕ್ಕೂ ನಡುವೆ ಉಳಿಯುವ ಈ ಜಾಗವನ್ನು ಮುಂಭಾಗದಿಂದ ಮುಚ್ಚುವ ಹಲಗೆಯೇ ಕಿಕ್‌ಬೋರ್ಡ್. ಚೆನ್ನೈಯ ಬಡಗಿಗಳೂ ಅಂಗಡಿಯವರೂ ಇದನ್ನು ‘ಸ್ಕರ್ಟಿಂಗ್’ ಎನ್ನುತ್ತಾರೆ. ಕೆಲವು ಕೈಪಿಡಿಗಳಲ್ಲಿ ‘ಪ್ಲಿಂತ್’ ಎಂದಿರುತ್ತದೆ. ನಾವು ಇಲ್ಲಿ ಅಡಿಹಲಗೆ ಎಂದೇ ಕರೆಯೋಣ.

ಈ ಹಲಗೆ ಬಾಗಿಲಿನ ಮಟ್ಟದಲ್ಲಿರದೆ 50ರಿಂದ 75 ಮಿ.ಮೀ. ಒಳಸರಿದಿರುತ್ತದೆ. ಅದಕ್ಕೆ ಕಾರಣ ನಮ್ಮ ಕಾಲ್ಬೆರಳು. ನಮ್ಮ ಅಜ್ಜಿಯಂದಿರು ನೆಲದ ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತು ಅಡುಗೆ ಮಾಡಿದರು. ಈಳಿಗೆಮಣೆಯ ಮೇಲೆ ಕುಳಿತು ತರಕಾರಿ ಹೆಚ್ಚಿದರು. ಅವರಿಗೆ ಈ ಸಮಸ್ಯೆ ಇರಲಿಲ್ಲ. ಒಲೆ ಕಟ್ಟೆಯ ಮೇಲೇರಿ ಅಡುಗೆ ನಿಂತು ಮಾಡುವ ಕೆಲಸವಾದಾಗ, ಕಟ್ಟೆಯ ಹತ್ತಿರ ನಿಲ್ಲಲು ಪಾದಕ್ಕೆ ಎಡೆ ಬೇಕಾಯಿತು. ಎಡೆಯಿಲ್ಲದಿದ್ದರೆ ದೇಹ ಹಿಂದೆ ನಿಂತು ಸೊಂಟ ಮುಂದೆ ಬಾಗಬೇಕಾಗುತ್ತದೆ, ಬೆನ್ನುನೋವು ತಪ್ಪದು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್‌ಕಿ ಎಂಬ ಮಹಿಳಾ ವಾಸ್ತುಶಿಲ್ಪಿ ರೂಪಿಸಿದ ಅಡುಗೆಮನೆಯನ್ನು ಇಂದಿನ ಮಾಡ್ಯುಲರ್ ಅಡುಗೆಮನೆಯ ಪೂರ್ವಜ ಎನ್ನುತ್ತಾರೆ. ಹೆಂಗಸರ ನಡಿಗೆಯನ್ನೂ ಶ್ರಮವನ್ನೂ ಅಳೆದು ಮಾಡಿದ ವಿನ್ಯಾಸ ಅದು. ಅಡಿಹಲಗೆ ಒಳಸರಿದಿರುವುದೂ ಅಂಥ ಲೆಕ್ಕಾಚಾರದ ಫಲವೇ, ಅಲಂಕಾರಕ್ಕಲ್ಲ.

ಹಲಗೆಯ ಕೆಲಸ ಮೂರು. ಒರೆಸುವ ನೀರು, ಕಸ, ಅನ್ನದ ಅಗುಳು ಕಪಾಟಿನ ಅಡಿಗೆ ಹೋಗದಂತೆ ತಡೆಯುವುದು ಒಂದು. ಜಿರಳೆ, ಚುಂಡಿಲಿಗಳಿಗೆ ಕತ್ತಲ ಮನೆ ಸಿಗದಂತೆ ಮಾಡುವುದು ಎರಡು. ಅಗತ್ಯ ಬಿದ್ದಾಗ ಕಳಚಿ, ಒಳಗಿನ ಕೊಳವೆ, ತಂತಿ, ನೆಲ ಇವುಗಳನ್ನು ನೋಡಲು ಅನುವು ಮಾಡುವುದು ಮೂರು. ಈ ಮೂರನೆಯದನ್ನು ಮರೆಯುವುದರಿಂದಲೇ ಹೆಚ್ಚಿನ ಹಾನಿಯಾಗುತ್ತದೆ.

ಚೆನ್ನೈಯ ನೀರು ಕಲಿಸಿದ ಪಾಠ

ಚೆನ್ನೈಗೆ ಮುಖ್ಯ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದ್ದು. 2015ರ ಡಿಸೆಂಬರ್ ಮೊದಲ ದಿನಗಳಲ್ಲಿ ಅಡ್ಯಾರ್ ನದಿ ಉಕ್ಕಿ ಸೈದಾಪೇಟೆ, ಕೋಟ್ಟೂರುಪುರಂ ಮೊದಲಾದ ಕಡೆ ಮನೆಗಳೊಳಗೆ ನುಗ್ಗಿದ್ದನ್ನು ಇಲ್ಲಿನ ಕನ್ನಡ ಕುಟುಂಬಗಳು ಮರೆತಿಲ್ಲ. 2023ರ ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತದ ಮಳೆಗೆ ವೇಳಚೇರಿ, ಪಳ್ಳಿಕರಣೆ, ಮಡಿಪಾಕ್ಕಂ ಸುತ್ತಮುತ್ತ ಮತ್ತೆ ಅದೇ ದೃಶ್ಯ.

ನಮ್ಮದು ಆ ಭಾಗದ ಒಂದು ನೆಲಮಹಡಿಯ ಮನೆ. ಅಡುಗೆಮನೆಯಲ್ಲಿ ನಾಲ್ಕು ಅಂಗುಲ ನೀರು ಒಂದೂವರೆ ದಿನ ನಿಂತಿತ್ತು. ನೀರಿಳಿದ ಮೇಲೆ ನೆಲ ತೊಳೆದೆವು, ಒರೆಸಿದೆವು, ಫ್ಯಾನು ಹಾಕಿದೆವು. ಎಲ್ಲವೂ ಸರಿಹೋಯಿತೆಂದುಕೊಂಡೆವು. ಮೂರು ವಾರಗಳ ಬಳಿಕ ಅಡುಗೆಮನೆಯಲ್ಲಿ ಕೊಳೆತ ವಾಸನೆ. ಹಿಂದೆ ಆ ಅಡುಗೆಮನೆಯನ್ನು ಮಾಡಿದ್ದ ಕೆಲಸಗಾರರು ಅಡಿಹಲಗೆಯನ್ನು ಕಪಾಟಿಗೆ ಮೊಳೆ ಹೊಡೆದು, ನೆಲಕ್ಕೆ ಸಿಲಿಕೋನ್ ಬಳಿದು, ಗೋಡೆಯಂತೆ ಮುಚ್ಚಿಬಿಟ್ಟಿದ್ದರು. ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿರಲಿಲ್ಲ. ಹಲಗೆಯ ಹಿಂದೆ ಅದು ತೊಟ್ಟಿಯಲ್ಲಿ ನಿಂತಂತೆ ನಿಂತಿತ್ತು. ಹಲಗೆಯನ್ನು ಒಡೆದೇ ತೆಗೆಯಬೇಕಾಯಿತು. ಆರು ಕಪಾಟುಗಳ ತಳ ಹಪ್ಪಳದಂತೆ ಉಬ್ಬಿತ್ತು.

ನೀರು ಬಂದದ್ದು ಪ್ರಕೃತಿಯ ಕೆಲಸ. ಆದರೆ ಕಪಾಟುಗಳು ಹಾಳಾದದ್ದು ಒಂದೂವರೆ ದಿನದ ನೀರಿನಿಂದಲ್ಲ, ಮೂರು ವಾರ ಒಳಗೇ ಉಳಿದ ನೀರಿನಿಂದ. ಹಲಗೆ ಕ್ಲಿಪ್ಪಿನ ಮೇಲಿದ್ದಿದ್ದರೆ ಎರಡು ನಿಮಿಷದಲ್ಲಿ ಕಳಚಿ ನೆಲವನ್ನು ಒಣಗಿಸಬಹುದಿತ್ತು. 2024ರಲ್ಲಿ ಹೊಸ ಅಡುಗೆಮನೆಯನ್ನು ಪೆಟ್ಟಿಗೆಗಳಲ್ಲಿ ತರಿಸಿ, ನಾನೂ ನನ್ನ ಮಗನೂ ಎರಡು ವಾರಾಂತ್ಯಗಳಲ್ಲಿ ಜೋಡಿಸಿದೆವು. ಮುಂದಿನ ವಿವರಗಳು ಆ ಅನುಭವದಿಂದಲೂ ಬಲ್ಲವರನ್ನು ಕೇಳಿ ತಿಳಿದದ್ದರಿಂದಲೂ ಬಂದವು.

ಯಾವ ವಸ್ತುವಿನ ಹಲಗೆ?

ಕಪಾಟು ಯಾವುದರದ್ದೇ ಇರಲಿ, ಅಡಿಹಲಗೆ ನೀರಿಗೆ ಹೆದರದ ವಸ್ತುವಿನದಾಗಿರಬೇಕು. ಪಾಶ್ಚಾತ್ಯ ದೇಶಗಳಲ್ಲಿ ಅಡುಗೆಮನೆಯ ನೆಲವನ್ನು ಒದ್ದೆಬಟ್ಟೆಯಿಂದ ಒರೆಸುತ್ತಾರಷ್ಟೆ. ನಮ್ಮಲ್ಲಿ ಹಬ್ಬಹುಣ್ಣಿಮೆಗೆ ಬಕೆಟ್ಟಿನಲ್ಲಿ ನೀರು ಸುರಿದು ತೊಳೆಯುವ ರೂಢಿ ಇನ್ನೂ ಇದೆ. ಇದನ್ನು ಗಮನದಲ್ಲಿಟ್ಟು ಆಯ್ಕೆ ಮಾಡಬೇಕು.

ಪಾರ್ಟಿಕಲ್ ಬೋರ್ಡ್ ಮತ್ತು ಎಂಡಿಎಫ್: ಮರದ ಚೂರು ಅಥವಾ ನಾರನ್ನು ಅಂಟಿನೊಡನೆ ಒತ್ತಿ ಮಾಡಿದವು. ಪೆಟ್ಟಿಗೆಯಲ್ಲಿ ಬರುವ ಅಡಿಹಲಗೆಗಳು ಬಹುಪಾಲು ಇವೇ. ಹೊರಪದರ ಚೆನ್ನಾಗಿರುವವರೆಗೆ ತೊಂದರೆಯಿಲ್ಲ. ಕತ್ತರಿಸಿದ ಅಂಚಿನಿಂದ ನೀರು ಒಳಹೊಕ್ಕರೆ ಉಬ್ಬುತ್ತವೆ. ಒಮ್ಮೆ ಉಬ್ಬಿದ್ದು ಒಣಗಿದರೂ ಮೊದಲಿನಂತಾಗದು.

ಪ್ಲೈವುಡ್: ಭಾರತೀಯ ಮಾನಕದಲ್ಲಿ ಐಎಸ್ 303ರ ಅಡಿಯಲ್ಲಿ ಎಂಆರ್ ಮತ್ತು ಬಿಡಬ್ಲ್ಯುಆರ್ ಎಂಬ ದರ್ಜೆಗಳಿವೆ. ಎಂಆರ್ ಎಂದರೆ ತೇವವನ್ನಷ್ಟೇ ತಡೆಯುವುದು, ಅಡಿಹಲಗೆಗೆ ಸಾಲದು. ಬಿಡಬ್ಲ್ಯುಆರ್ ಕುದಿನೀರಿಗೂ ಸ್ವಲ್ಪಕಾಲ ತಡೆದುಕೊಳ್ಳುವಂಥದು. ಐಎಸ್ 710 ಗುರುತಿನದು ಮೆರೈನ್ ಪ್ಲೈ. ಇದರ ಅಂಟು 72 ಗಂಟೆ ಕುದಿನೀರಿನ ಪರೀಕ್ಷೆಯನ್ನು ತಾಳಬೇಕು. ಬಡಗಿಯಿಂದ ಹಲಗೆ ಮಾಡಿಸುವವರು ಗುರುತು ನೋಡಿ ಕೊಳ್ಳಲಿ.

ಪಿವಿಸಿ ಮತ್ತು ಅಲ್ಯೂಮಿನಿಯಂ: ಸಿದ್ಧ ಪಟ್ಟಿಗಳಾಗಿ ದೊರೆಯುತ್ತವೆ. ನೀರು, ಗೆದ್ದಲು ಎರಡರ ಭಯವೂ ಇಲ್ಲ. ಕೆಳಅಂಚಿಗೆ ಮೆತ್ತನೆಯ ರಬ್ಬರಿನಂಥ ತುಟಿ, ಬೆನ್ನಿನಲ್ಲಿ ಕ್ಲಿಪ್ ಜಾರಿಸುವ ಗಾಡಿ ಮೊದಲೇ ಇರುವುದುಂಟು. ನೆಲಮಹಡಿಯವರಿಗೆ ಇವೇ ಸೂಕ್ತ. ಪೆಟ್ಟಿಗೆಯಲ್ಲಿ ಬಂದ ಹಲಗೆಯನ್ನೇ ಹಾಕಬೇಕೆಂಬ ಕಟ್ಟುಪಾಡೇನೂ ಇಲ್ಲ. ಎತ್ತರ ಮತ್ತು ಕಾಲಿನ ವ್ಯಾಸ ಹೊಂದಿದರೆ ಬೇರೆಯದನ್ನು ತಂದು ಹಾಕಬಹುದು.

ಮೊದಲು ಕಾಲು, ಆಮೇಲೆ ಹಲಗೆ

ಹಲಗೆ ವಕ್ರವಾಗಿ ಕಂಡರೆ ತಪ್ಪು ಹೆಚ್ಚಾಗಿ ಹಲಗೆಯದಲ್ಲ, ಕಾಲುಗಳದು. ಗ್ರಾನೈಟ್ ಕೂರಿಸುವ ಮೊದಲೇ ಕಪಾಟುಗಳ ಮಟ್ಟ ನೋಡಬೇಕು. ನಮ್ಮ ಅಡುಗೆಮನೆಗಳ ನೆಲ ಸಾಮಾನ್ಯವಾಗಿ ನೀರು ಹೋಗುವ ಜಾಲಿಯ ಕಡೆಗೆ ಇಳಿಜಾರಾಗಿರುತ್ತದೆ. ನೆಲದಲ್ಲಿ ಎಲ್ಲಿ ಹೆಚ್ಚು ಎತ್ತರವಿದೆಯೋ ಅಲ್ಲಿಂದ ಕೆಲಸ ಆರಂಭಿಸಿ, ರಸಮಟ್ಟವನ್ನಿಟ್ಟು, ಉಳಿದ ಕಾಲುಗಳನ್ನು ತಿರುಗಿಸಿ ಎತ್ತರಿಸುತ್ತ ಹೋಗಬೇಕು. ಎಲ್ಲ ಕಾಲುಗಳೂ ನೆಲಕ್ಕೆ ಊರಿವೆಯೇ ಎಂದು ಕೈಯಿಂದ ಅಲ್ಲಾಡಿಸಿ ನೋಡಿ. ಗಾಳಿಯಲ್ಲಿ ತೂಗುವ ಕಾಲು ಭಾರವನ್ನೂ ಹೊರದು, ಹಲಗೆಯನ್ನೂ ಹಿಡಿಯದು.

ಮುಂದಿನ ಸಾಲಿನ ಕಾಲುಗಳೆಲ್ಲ ಒಂದೇ ನೇರದಲ್ಲಿರಬೇಕು. ಮೊದಲ ಕಾಲಿನಿಂದ ಕೊನೆಯ ಕಾಲಿಗೆ ದಾರ ಎಳೆದು ಕಟ್ಟಿದರೆ ಯಾವುದು ಹೊರಗೆ, ಯಾವುದು ಒಳಗೆ ಎಂದು ತಕ್ಷಣ ತಿಳಿಯುತ್ತದೆ. ಕ್ಲಿಪ್ ಕಾಲನ್ನು ಅಪ್ಪಿ ಹಿಡಿಯುವುದರಿಂದ, ಕಾಲು ಸೊಟ್ಟಗಿದ್ದರೆ ಹಲಗೆಯೂ ಸೊಟ್ಟಗಾಗುತ್ತದೆ.

ಅಳತೆ ಮತ್ತು ಕೊಯ್ತ

ಕಪಾಟಿನ ತಳದಿಂದ ನೆಲದವರೆಗಿನ ಎತ್ತರವನ್ನು ಒಂದೇ ಕಡೆ ಅಳೆದು ಹಲಗೆ ಕೊಯ್ಯುವುದು ಮೊದಲ ಬಾರಿ ಮಾಡುವವರೆಲ್ಲರ ತಪ್ಪು. ನಾನೂ ಮಾಡಿದೆ, ಒಂದು ಹಲಗೆ ವ್ಯರ್ಥವಾಯಿತು. ಒಂದೊಂದು ಅಡಿಗೆ ಒಮ್ಮೆ ಅಳೆದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ನಮ್ಮ ಮನೆಯಲ್ಲಿ ಹತ್ತಡಿ ಉದ್ದದ ಸಾಲಿನಲ್ಲಿ ಒಂದು ತುದಿಗೂ ಇನ್ನೊಂದು ತುದಿಗೂ 11 ಮಿ.ಮೀ. ವ್ಯತ್ಯಾಸವಿತ್ತು.

ಹಲಗೆಯ ಕೆಳಅಂಚು ನೆಲಕ್ಕೆ ತಾಗಬಾರದು. 2ರಿಂದ 3 ಮಿ.ಮೀ. ಎತ್ತರದಲ್ಲಿರಬೇಕು. ಆ ಸಂದನ್ನು ಪಾರದರ್ಶಕ ಪಿವಿಸಿ ತುಟಿಪಟ್ಟಿ ಮುಚ್ಚುತ್ತದೆ. ಒಂದೆರಡು ಮಿಲಿಮೀಟರ್ ಸಂದು ಸಿಕ್ಕರೂ ಮರಿಜಿರಳೆ ನುಸುಳುವುದರಿಂದ ಈ ಪಟ್ಟಿಯನ್ನು ಬಿಡುವಂತಿಲ್ಲ. ಸಂದಿನ ಅಳತೆಗೆ ಒಂದು ಸುಲಭೋಪಾಯವಿದೆ. ಬ್ಯಾಂಕ್ ಕಾರ್ಡಿನ ದಪ್ಪ 0.76 ಮಿ.ಮೀ. ಅವಧಿ ಮುಗಿದ ಮೂರು ಕಾರ್ಡುಗಳನ್ನು ಒಂದರ ಮೇಲೊಂದಿಟ್ಟರೆ 2.28 ಮಿ.ಮೀ. ಆಗುತ್ತದೆ. ಹಲಗೆಯನ್ನು ಅದರ ಮೇಲೆ ನಿಲ್ಲಿಸಿ ಗುರುತು ಮಾಡಿಕೊಳ್ಳಬಹುದು. ಸವೆದ ಕಾರ್ಡುಗಳಿಗೆ ನಾನು ಕಂಡುಕೊಂಡ ಏಕೈಕ ಸದುಪಯೋಗವಿದು.

ಕೊಯ್ಯುವಾಗ ಯಾವ ಅಂಚನ್ನು ಕೊಯ್ಯಬೇಕು ಎಂಬುದು ಮುಖ್ಯ. ಕಾರ್ಖಾನೆಯಲ್ಲಿ ಮುಚ್ಚಿದ ಅಂಚು ನೀರನ್ನು ತಡೆಯುತ್ತದೆ. ಗರಗಸದ ಅಂಚು ತಡೆಯದು. ಆದ್ದರಿಂದ ಎತ್ತರ ಕಡಿಮೆ ಮಾಡಬೇಕಾದರೆ ಮೇಲಂಚನ್ನು ಕೊಯ್ದು, ಕಾರ್ಖಾನೆಯ ಅಂಚನ್ನು ನೆಲದ ಕಡೆಗಿಡಬೇಕು. ನೆಲ ಒಂದೇ ಸಮನೆ ಇಳಿಜಾರಾಗಿದ್ದರೂ ಇದು ಸಾಧ್ಯ. ಓರೆಯನ್ನು ಮೇಲಂಚಿನಲ್ಲಿ ಕೊಯ್ದರೆ ಆಕಾರ ಒಂದೇ. ನೆಲ ಉಬ್ಬುತಗ್ಗಾಗಿದ್ದರೆ ಮಾತ್ರ ಕೆಳಅಂಚನ್ನು ನೆಲದ ಆಕಾರಕ್ಕೆ ಕೊಯ್ಯಬೇಕಾಗುತ್ತದೆ. ಅದಕ್ಕೆ ಹಲಗೆಯನ್ನು ಅದರ ಜಾಗದ ಮುಂದೆ ನಿಲ್ಲಿಸಿ, ಒಂದು ಸಣ್ಣ ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು, ತುಂಡನ್ನು ನೆಲದ ಮೇಲೆ ಜಾರಿಸುತ್ತ ಗೆರೆ ಎಳೆದರೆ ನೆಲದ ರೂಪವೇ ಹಲಗೆಯ ಮೇಲೆ ಮೂಡುತ್ತದೆ.

ಸಣ್ಣ ಹಲ್ಲಿನ ಗರಗಸ ಬಳಸಿ. ಕೊಯ್ಯುವ ಗೆರೆಯ ಮೇಲೆ ಕಾಗದದ ಟೇಪು ಅಂಟಿಸಿದರೆ ಹೊರಪದರ ಕಿತ್ತುಬರುವುದಿಲ್ಲ. ಕೈಗರಗಸವಾದರೆ ಹಲಗೆಯ ಮುಖ ಮೇಲಿರಲಿ. ವಿದ್ಯುತ್ ಚಾಲಿತ ಜಿಗ್ಸಾ ಆದರೆ ಮುಖ ಕೆಳಗಿರಲಿ. ಕೊಯ್ದ ಅಂಚು ಮೇಲಿರಲಿ ಕೆಳಗಿರಲಿ, ಎಡ್ಜ್ ಬ್ಯಾಂಡ್ ಅಂಟಿಸಿ ಅಥವಾ ಎರಡು ಸಲ ಎಣ್ಣೆಬಣ್ಣ ಬಳಿದು ಮುಚ್ಚಿ. ಹಲಗೆಯ ಬದುಕು ಈ ಹತ್ತು ನಿಮಿಷದ ಕೆಲಸವನ್ನೇ ಅವಲಂಬಿಸಿದೆ.

ಕ್ಲಿಪ್ ಹಾಕುವ ಕ್ರಮ

ಕ್ಲಿಪ್ಪಿಗೆ ಎರಡು ಭಾಗ. ಒಂದು ಹಲಗೆಯ ಬೆನ್ನಿಗೆ ಕೂರುವ ಪಟ್ಟಿ. ಇನ್ನೊಂದು ಕಾಲನ್ನು ಅಪ್ಪಿಕೊಳ್ಳುವ ಬಾಯಿ. ಕ್ರಮ ಹೀಗೆ:

1. ಹಲಗೆಯನ್ನು ಕಾರ್ಡುಗಳ ಮೇಲೆ ನಿಲ್ಲಿಸಿ, ಪ್ರತಿ ಕಾಲಿನ ಮಧ್ಯವನ್ನು ಹಲಗೆಯ ಮೇಲಂಚಿನಲ್ಲಿ ಗುರುತಿಸಿ, ಆ ಗುರುತನ್ನು ಬೆನ್ನಿಗೆ ಇಳಿಸಿಕೊಳ್ಳಿ.

2. ಕಾಲಿನ ತಿರುಗಿಸುವ ಪಾದದ ಮೇಲೆ ಕ್ಲಿಪ್ ನಿಲ್ಲದು. ಒಂದೇ ದಪ್ಪವಾಗಿರುವ ನಡುಭಾಗದ ಎತ್ತರಕ್ಕೆ ಸರಿಯಾಗಿ ಪಟ್ಟಿಯನ್ನು ಕೂರಿಸಿ.

3. ಸ್ಕ್ರೂವಿನ ಉದ್ದ ಹಲಗೆಯ ದಪ್ಪಕ್ಕಿಂತ ಕಡಿಮೆಯಿರಬೇಕು. 16 ಮಿ.ಮೀ. ಹಲಗೆಗೆ 12 ಮಿ.ಮೀ. ಸ್ಕ್ರೂ ಸಾಕು. ಉದ್ದದ ಸ್ಕ್ರೂ ಮುಂದೆ ತೂರಿಬಂದರೆ ಹಲಗೆ ಕೆಡುತ್ತದೆ. ಮೊದಲು ಸಣ್ಣ ತೂತು ಕೊರೆದು, ಕೈಯಿಂದಲೇ ತಿರುಪಿ. ಡ್ರಿಲ್ ಯಂತ್ರದಿಂದ ತಿರುಪಿದರೆ ಪಾರ್ಟಿಕಲ್ ಬೋರ್ಡಿನಲ್ಲಿ ಹಿಡಿತ ಕಳಚುತ್ತದೆ.

4. ಎಷ್ಟೇ ಚಿಕ್ಕ ಹಲಗೆಯಾದರೂ ಎರಡು ಕ್ಲಿಪ್ ಬೇಕು. ಉದ್ದದ ಹಲಗೆಗೆ ಸುಮಾರು ಎರಡಡಿಗೆ ಒಂದರಂತೆ ಹಾಕಿ. ಎಲ್ಲ ಕಾಲುಗಳಿಗೂ ಹಾಕಿದರೆ ಬಿಗಿ ಹೆಚ್ಚಾಗಿ, ಕಳಚುವುದು ಕಷ್ಟವಾಗುತ್ತದೆ.

5. ತುಟಿಪಟ್ಟಿಯನ್ನು ಕೆಳಅಂಚಿಗೆ ತೊಡಿಸಿ, ಹಲಗೆಯನ್ನು ಕಾಲುಗಳಿಗೆ ಎದುರಾಗಿ ಹಿಡಿದು, ಪ್ರತಿ ಕ್ಲಿಪ್ಪಿನ ಬಳಿ ಅಂಗೈಯಿಂದ ಒತ್ತಿ. ‘ಟಕ್’ ಎಂಬ ಸದ್ದು ಕೇಳಿದರೆ ಕೂತಿತೆಂದು ಅರ್ಥ. ಸುತ್ತಿಗೆ ಬೇಡ.

6. ಕೂಡಲೇ ಒಮ್ಮೆ ಕಳಚಿ ಮತ್ತೆ ಹಾಕಿ. ಮನೆಯ ಹೆಂಗಸರು, ಹಿರಿಯರು ಯಾರ ಕೈಯಲ್ಲೂ ಇದು ಆಗಬೇಕು. ಆಗದಿದ್ದರೆ ಒಂದು ಕ್ಲಿಪ್ ತೆಗೆಯಿರಿ. ಬೆನ್ನಿನ ಮೇಲೆ 1, 2, 3 ಎಂದು ಎಡದಿಂದ ಬಲಕ್ಕೆ ಸಂಖ್ಯೆ ಬರೆದಿಡಿ.

ಮೂಲೆ, ಕೂಡು, ಯಂತ್ರಗಳು

ಒಳಮೂಲೆಯಲ್ಲಿ ಒಂದು ಹಲಗೆಯನ್ನು ಪೂರ್ತಿ ಒಳಕ್ಕೆ ಹೋಗಲು ಬಿಟ್ಟು, ಎರಡನೆಯದನ್ನು ಅದಕ್ಕೆ ತಾಗುವಂತೆ ಕೊಯ್ಯಿರಿ. ಕಳಚುವಾಗ ಎರಡನೆಯದು ಮೊದಲು, ಹಾಕುವಾಗ ಕೊನೆಗೆ. ಹೊರಮೂಲೆ ಸದಾ ಕಾಲು, ಪೊರಕೆ, ಮಕ್ಕಳ ಸೈಕಲ್ಲು ತಾಗುವ ಜಾಗ. ಅಲ್ಲಿ ಅಲ್ಯೂಮಿನಿಯಂ ಅಥವಾ ಪಿವಿಸಿ ಮೂಲೆಪಟ್ಟಿ ಇರಲಿ. ಎರಡು ಹಲಗೆಗಳು ನೇರದಲ್ಲಿ ಕೂಡುವಲ್ಲಿ ಸಿದ್ಧ ಕೂಡುಪಟ್ಟಿ ಹಾಕಿ, ಕೂಡು ಒಂದು ಕಾಲಿನ ಹತ್ತಿರವೇ ಬರುವಂತೆ ನೋಡಿಕೊಳ್ಳಿ. ಎರಡು ಕಾಲುಗಳ ನಡುವೆ ಕೂಡು ಬಂದರೆ ಒರೆಸುವ ಕೋಲು ತಾಗಿದಾಗಲೆಲ್ಲ ಒಳಕ್ಕೆ ಬಾಗುತ್ತದೆ.

ಪಾತ್ರೆ ತೊಳೆಯುವ ಯಂತ್ರವಿರುವವರು ಅದರ ಬಾಗಿಲು ಕೆಳಕ್ಕೆ ಪೂರ್ತಿ ತೆರೆಯಲು ಎಷ್ಟು ಜಾಗ ಬೇಕೆಂದು ಮೊದಲೇ ನೋಡಿ, ಹಲಗೆಯ ಮೇಲಂಚನ್ನು ಅಷ್ಟು ಕತ್ತರಿಸಬೇಕು. ಸಿಂಕಿನ ಕೆಳಗೆ ನೀರು ಶುದ್ಧೀಕರಿಸುವ ಯಂತ್ರದ ಕೊಳವೆ, ಸಿಂಕಿನ ಬಾಗುಕೊಳವೆ ಎರಡೂ ಇರುವುದರಿಂದ ಸೋರಿಕೆ ಮೊದಲು ಕಾಣಿಸುವುದು ಅಲ್ಲಿಯೇ. ಆ ಭಾಗದ ಹಲಗೆ ಪ್ರತ್ಯೇಕ ತುಂಡಾಗಿದ್ದರೆ ಉಳಿದದ್ದನ್ನು ಅಲುಗಿಸದೆ ಒಳಗೆ ನೋಡಬಹುದು.

ಸಿಲಿಂಡರ್ ಇರುವ ಕಪಾಟು: ಇಲ್ಲಿ ಮುಚ್ಚಬಾರದು

ಇಡೀ ಲೇಖನದಲ್ಲಿ ಓದುಗರು ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ನೆನಪಿಡಲಿ.

ನಮ್ಮ ಹೊಸ ಅಡುಗೆಮನೆ ಮುಗಿದ ವಾರ ಸಿಲಿಂಡರ್ ತಂದವರು ಕಪಾಟಿನ ಬಾಗಿಲು ತೆರೆದು, ಬಗ್ಗಿ ಕೆಳಗೆ ನೋಡಿದರು. ಸಂದಿಲ್ಲದಂತೆ ಹಲಗೆ ಕೂರಿಸಿದ ಹೆಮ್ಮೆ ನನಗಿತ್ತು. “ಸಾರ್, ಗ್ಯಾಸ್ ಸೋರಿದರೆ ಹೋಗುವುದಕ್ಕೆ ದಾರಿ ಎಲ್ಲಿ?” ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಗ ಮೌನವಾಗಿ ಹೋಗಿ ಆ ಹಲಗೆಯನ್ನು ಕಳಚಿ ತಂದ.

ಎಲ್‌ಪಿಜಿ ಎಂಬುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಸುಮಾರು ಎರಡು ಪಟ್ಟು ಭಾರ. ಸೋರಿದ ಅನಿಲ ಮೇಲೇರದೆ ನೀರಿನಂತೆ ಕೆಳಗಿಳಿದು ನೆಲದ ಮೇಲೆ ಹರಡುತ್ತದೆ. ಗಾಳಿಯಲ್ಲಿ ಸುಮಾರು ಶೇಕಡಾ 2ರಷ್ಟು ಬೆರೆತರೂ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಅಡಿಹಲಗೆ ಸಂಪೂರ್ಣ ಮುಚ್ಚಿದ್ದರೆ ಕಪಾಟುಗಳ ಅಡಿಯ ಉದ್ದನೆಯ ಕತ್ತಲ ಜಾಗವೇ ಅನಿಲದ ತೊಟ್ಟಿಯಾಗುತ್ತದೆ. ವಾಸನೆ ಮೂಗಿಗೆ ತಲುಪುವುದೂ ತಡವಾಗುತ್ತದೆ.

ಆದ್ದರಿಂದ ಸಿಲಿಂಡರನ್ನು ಗಾಳಿಯಾಡುವ ತೆರೆದ ಜಾಗದಲ್ಲಿಡುವುದು ಉತ್ತಮ. ಕಪಾಟಿನೊಳಗೇ ಇಡಬೇಕಾದರೆ ನೆಲಮಟ್ಟದಲ್ಲಿಯೂ ಮೇಲ್ಭಾಗದಲ್ಲಿಯೂ ಗಾಳಿಕಿಂಡಿ ಇರಲೇಬೇಕು. ಆ ಭಾಗದ ಅಡಿಹಲಗೆಯನ್ನು ಬಿಟ್ಟುಬಿಡಿ, ಇಲ್ಲವೇ ಕಪಾಟಿನ ಅಗಲದಷ್ಟೂ ಜಾಲರಿಯಿರುವ ಪಟ್ಟಿ ಹಾಕಿ. ಬೆರಳು ತೂರುವ ಒಂದೆರಡು ತೂತು ಸಾಲದು. ಸಿಲಿಂಡರ್ ಕಪಾಟಿನ ತಳದ ಹಲಗೆಯ ಮೇಲೆ ನಿಂತಿದ್ದರೆ ಆ ತಳದಲ್ಲೂ ಕಿಂಡಿ ಬೇಕು. ಇಲ್ಲದಿದ್ದರೆ ಅಡಿಹಲಗೆಯ ಜಾಲರಿಯಿಂದ ಪ್ರಯೋಜನವಿಲ್ಲ. ಅಲ್ಲಿಂದ ಹೊರಬಂದ ಅನಿಲ ಪಕ್ಕದ ಕಪಾಟುಗಳ ಅಡಿಗೆ ಹರಿಯದಂತೆ ಆ ಭಾಗದ ಎರಡೂ ಬದಿಗೆ ಅಡ್ಡತುಂಡು ಹಾಕುವುದು ಒಳ್ಳೆಯದು. ಜಿರಳೆಯ ಭಯಕ್ಕೆ ಜಾಲರಿಯ ಹಿಂದೆ ಉಕ್ಕಿನ ಬಲೆ ಅಂಟಿಸಿ, ತಿಂಗಳಿಗೊಮ್ಮೆ ದೂಳು ತೆಗೆಯಿರಿ. ರಬ್ಬರ್ ಟ್ಯೂಬನ್ನು ಅಡಿಹಲಗೆಯ ಹಿಂದೆ ಕಣ್ಣಿಗೆ ಕಾಣದಂತೆ ಹಾಯಿಸಬಾರದು.

ವಾಸನೆ ಬಂದರೆ ಹಲಗೆ ಕಳಚುತ್ತ ಕೂರಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906 ಸಂಖ್ಯೆಗೆ ಕರೆ ಮಾಡಿ. ಇದು ಅನಿಲ ಸೋರಿಕೆಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ. ಆ ಸಂಪರ್ಕವಿರುವವರು ಮೇಲಿನ ಕಿಂಡಿಗಳ ಕಡೆ ಹೆಚ್ಚು ಗಮನ ಕೊಡಬೇಕು.

ಸಿಲಿಕೋನ್ ಎಲ್ಲಿ, ಎಲ್ಲಿ ಅಲ್ಲ?

ಗ್ರಾನೈಟ್ ಮತ್ತು ಗೋಡೆಯ ನಡುವೆ, ಸಿಂಕಿನ ಸುತ್ತ ಸಿಲಿಕೋನ್ ಸರಿಯಾದ ವಸ್ತು. ಅಡಿಹಲಗೆ ಮತ್ತು ನೆಲದ ನಡುವೆ ಅದು ಬೇಡ. ಅದು ಹೊರಗಿನ ನೀರನ್ನು ತಡೆಯುವುದಕ್ಕಿಂತ ಒಳಗಿನ ನೀರನ್ನು ಹಿಡಿದಿಡುವುದೇ ಹೆಚ್ಚು. ಜೊತೆಗೆ ಹಲಗೆಯನ್ನು ಕಳಚಲಾಗದಂತೆ ಮಾಡುತ್ತದೆ. ಮೊಳೆ, ಫೆವಿಕಾಲ್, ಬಿಳಿ ಸಿಮೆಂಟಿಗೂ ಇದೇ ಮಾತು. ಕಾಲು ಸಿಗದ ಸಣ್ಣ ತುಂಡುಗಳನ್ನು ಅಯಸ್ಕಾಂತದಿಂದಲೋ ವೆಲ್ಕ್ರೋ ಪಟ್ಟಿಯಿಂದಲೋ ನಿಲ್ಲಿಸಬಹುದು. ಹೆಗ್ಗಣದ ಕಾಟವಿರುವ ನೆಲಮಹಡಿಗಳಲ್ಲಿ ಕ್ಲಿಪ್ ಸಾಲದಿದ್ದರೆ, ಎಲ್ ಆಕಾರದ ಪಟ್ಟಿ ಹಾಕಿ ಮುಂದಿನಿಂದ ತಿರುಪು ಕಾಣುವಂತೆ ಸ್ಕ್ರೂ ಮಾಡಿ. ನೋಟ ಸ್ವಲ್ಪ ಕೆಟ್ಟರೂ ತಿರುಪುಳಿಯಿಂದ ಬಿಚ್ಚಬಹುದು.

ಹಳೆಯ ಮಾಂಬಲಂ, ಮೈಲಾಪುರದ ಮನೆಗಳಲ್ಲಿ ಕಪಾಟಿನ ಕೆಳಗೆ ನಾಲ್ಕು ಅಂಗುಲದ ಗಾರೆಯ ಕಟ್ಟೆ ಕಟ್ಟಿ, ಮೇಲೆ ಟೈಲು ಹಾಕಿರುವುದನ್ನು ಕಾಣಬಹುದು. ಅಂಥವರಿಗೆ ಅಡಿಹಲಗೆಯೇ ಬೇಡ. ಆ ಕಟ್ಟೆ ಗಟ್ಟಿಯಾಗಿದ್ದರೆ ಅದನ್ನು ಒಡೆಸಿ ಕಾಲುಗಳ ಮೇಲಿನ ಕಪಾಟಿಗೆ ಬದಲಾಗುವ ಅಗತ್ಯವಿಲ್ಲ. ಹೊಸದೆಲ್ಲ ಹಳೆಯದಕ್ಕಿಂತ ಮೇಲೆಂದು ಭಾವಿಸಬೇಕಾಗಿಲ್ಲ.

ವರ್ಷವಿಡೀ ನಿಗಾ

ಮೂರು ತಿಂಗಳಿಗೊಮ್ಮೆ ಹಲಗೆಗಳನ್ನು ಕಳಚಿ ಒಳಗೆ ಗುಡಿಸಿ, ಬ್ಯಾಟರಿ ಬೆಳಕಿನಲ್ಲಿ ನೋಡಿ. ಕಾಲುಗಳ ಬುಡದಲ್ಲಿ ಮಣ್ಣಿನ ಗೆರೆ ಕಂಡರೆ ಗೆದ್ದಲು. ಕಪ್ಪು ಚುಕ್ಕೆಗಳಿದ್ದರೆ ಜಿರಳೆ. ನೆಲದ ಮೇಲೆ ಬಿಳಿಯ ಉಪ್ಪಿನ ಗುರುತಿದ್ದರೆ ಎಲ್ಲೋ ನೀರು ಸೋರಿ ಒಣಗುತ್ತಿದೆ. ಸೆಪ್ಟೆಂಬರ್ ಕೊನೆಯ ಭಾನುವಾರ, ಈಶಾನ್ಯ ಮಳೆ ಬರುವ ಮೊದಲು, ಈ ಕೆಲಸವನ್ನು ತಪ್ಪದೆ ಮಾಡಿ.

ನೀರು ಮನೆಗೆ ನುಗ್ಗುವ ಸೂಚನೆ ಕಂಡರೆ ಮೊದಲು ಮುಖ್ಯ ವಿದ್ಯುತ್ ಸ್ವಿಚ್ಚನ್ನು ಆರಿಸಿ, ಸಿಲಿಂಡರ್ ರೆಗ್ಯುಲೇಟರ್ ಮುಚ್ಚಿ. ಆನಂತರ ಅಡಿಹಲಗೆಗಳನ್ನೆಲ್ಲ ಕಳಚಿ ಅಟ್ಟದ ಮೇಲಿಡಿ. ಹಲಗೆಯಿಂದ ನೆರೆನೀರು ನಿಲ್ಲದು. ಅದು ಬಂದ ದಾರಿಯಲ್ಲೇ ಹೋಗಲು ಬಿಡಬೇಕು. ನೀರಿಳಿದ ಮೇಲೆ ಕೆಸರನ್ನು ತೊಳೆದು, ಒಳನೆಲ ಪೂರ್ತಿ ಒಣಗುವವರೆಗೆ, ಕೆಲವು ದಿನಗಳಾದರೂ ಸರಿ, ಹಲಗೆ ಹಾಕಬೇಡಿ. ಅಡುಗೆಮನೆ ಆ ದಿನಗಳಲ್ಲಿ ಚೆನ್ನಾಗಿ ಕಾಣದು, ನಿಜ. ಆದರೆ ಕಪಾಟು ಉಳಿಯುತ್ತದೆ.

ಕೊನೆಯ ಮಾತು

ಬ್ಯಾಂಕಿನಲ್ಲಿ ನಾವು ಕಡತಗಳನ್ನು ಭದ್ರವಾಗಿಡುತ್ತೇವೆ; ಆದರೆ ತಪಾಸಣೆಗೆ ಬಂದವರು ಕೇಳಿದ ಕೂಡಲೇ ತೆಗೆದು ತೋರಿಸುವಂತೆಯೂ ಇಡುತ್ತೇವೆ. ತೆರೆಯಲಾಗದ ಕಡತದಿಂದ ಯಾರಿಗೂ ಉಪಯೋಗವಿಲ್ಲ. ಅಡಿಹಲಗೆಯ ವಿಷಯವೂ ಹಾಗೆಯೇ. ಕಾಲು ತಾಗಿದರೆ ಅಲುಗದಷ್ಟು ಬಿಗಿಯಿರಲಿ, ಕೈ ಹಾಕಿದರೆ ಬರುವಷ್ಟು ಸಡಿಲವಿರಲಿ, ಸಿಲಿಂಡರಿನ ಬಳಿ ಗಾಳಿಗೆ ದಾರಿಯಿರಲಿ.

ಈ ವಾರಾಂತ್ಯ ಬಿಡುವಾದಾಗ ನಿಮ್ಮ ಅಡುಗೆಮನೆಯಲ್ಲಿ ಒಮ್ಮೆ ಬಗ್ಗಿ, ಒಂದು ಹಲಗೆಯನ್ನು ಕಳಚಲು ಪ್ರಯತ್ನಿಸಿ ನೋಡಿ. ಸುಲಭವಾಗಿ ಬಂದರೆ ಗುಡಿಸಿ ಮತ್ತೆ ಹಾಕಿ. ಬಾರದಿದ್ದರೆ, ಮಳೆಗಾಲಕ್ಕೆ ಮೊದಲೇ ಅದನ್ನು ಬಿಡಿಸಿ ಕ್ಲಿಪ್ಪಿನ ಮೇಲೆ ಕೂರಿಸಿ.